ಮುಚ್ಚಳದ ಮೇಲಿನ ಕೆಂಪು

“ಮುಟ್ಬೇಡ ಅಂದೆ ತಾನೇ? ಎಷ್ಟ್ ಸಲ ಹೇಳ್ಬೇಕಮ್ಮಾ ನಿಂಗೆ?”

ಇನ್ಸ್‌ಪೆಕ್ಟರ್ ಕೂಗಿದ ರಭಸಕ್ಕೆ ಠಾಣೆಯ ಹಿತ್ತಲಲ್ಲಿ ಪೇಪರ್ ಓದುತ್ತಿದ್ದ ಪೇದೆ ದಡಕ್ಕನೆ ಎದ್ದು ಸೆಲ್ಯೂಟ್ ಹೊಡೆದ. ನಾನು ಏಳಲಿಲ್ಲ. ಜಪ್ತಿಯಾದ ಸ್ಕೂಟರುಗಳ ಸಾಲಿನ ಕೊನೆಯಲ್ಲಿ, ಟಾರ್ಪಾಲಿನ ಕೆಳಗೆ ಬಿದ್ದಿದ್ದ ಆ ರೇಸ್ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದೆ.

“ನಾನು ಮುಟ್ಟಲ್ಲ ಸಾರ್. ನೀವೇ ಮುಟ್ಟಿ. ಸ್ಕ್ರೂ ಡ್ರೈವರ್ ಕೊಡ್ತೀನಿ, ಬಿಚ್ಚೋದು ನೀವು.”

“ನನಗೇ ಕೆಲಸ ಹೇಳ್ತೀಯಾ?”

“ನಮ್ಮಣ್ಣನ್ನ ಒಳಗೆ ಹಾಕೋಕೆ ಟೈಮ್ ಸಿಕ್ತು, ಎರಡು ಸ್ಕ್ರೂ ಬಿಚ್ಚೋಕೆ ಸಿಗಲ್ವಾ?”

ಕೋಪ ಬಂದರೆ ನನ್ನ ನಾಲಗೆಗೆ ಬ್ರೇಕಿಲ್ಲ. ಈ ವಾರವಂತೂ ಎದ್ದರೆ ಕೋಪ, ಕೂತರೆ ಕೋಪ. ಭಾನುವಾರದ ರೇಸಿನಲ್ಲಿ ಈ ಗಾಡಿಯ ಮುಂದಿನ ಚಕ್ರ ತಿರುವಿನಲ್ಲಿ ತಾನಾಗಿ ಬಿಗಿದುಕೊಂಡು, ಓಡಿಸುತ್ತಿದ್ದ ಹುಡುಗ ಹಾರಿ ಬಿದ್ದಿದ್ದ. ಇನ್ನೂ ಅವನಿಗೆ ಪ್ರಜ್ಞೆ ಬಂದಿರಲಿಲ್ಲ. ರೇಸಿಗೆ ಮುಂಚೆ ಬ್ರೇಕಿನ ಕೆಲಸ ಮಾಡಿಕೊಟ್ಟವನು ಅಣ್ಣ. ಹಾಗಾಗಿ ಅಣ್ಣ ಲಾಕಪ್ಪಿನಲ್ಲಿ, ನಮ್ಮ ಗ್ಯಾರೇಜಿನ ಶಟರಿಗೆ ಅರಗಿನ ಮೊಹರು.

ಬಿದ್ದ ಹುಡುಗ ಹೊರಗಿನವನಾಗಿದ್ದರೆ ಅದೊಂದು ಥರ. ಟ್ರ್ಯಾಕಿನಲ್ಲಿ ಎಲ್ಲರೂ ‘ಪಾದರಸ’ ಎಂದು ಕರೆಯುವ ಅವನು ನಮ್ಮ ಅತ್ತಿಗೆಯ ಒಡಹುಟ್ಟಿದ ತಮ್ಮ. ನಮ್ಮ ಗ್ಯಾರೇಜಿನಲ್ಲೇ ಮೊದಲ ಬಾರಿಗೆ ಕ್ಲಚ್ ಹಿಡಿದವನು. ಅತ್ತಿಗೆ ಆಸ್ಪತ್ರೆಯ ಬೆಂಚು ಬಿಟ್ಟು ಏಳುತ್ತಿರಲಿಲ್ಲ, ಗಂಡನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು. ಇತ್ತ ಅಣ್ಣ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ‘ನಾನು ಮಾಡಿದ ಕೆಲಸದಲ್ಲಿ ತಪ್ಪಿಲ್ಲ’ ಎಂದು ಒಂದು ಮಾತು ಹೇಳೋ ಮಾರಾಯ ಎಂದು ಸರಳಿನಾಚೆ ನಿಂತು ಅರಚಿದ್ದೆ. ಅವನು ಗೋಡೆ ನೋಡುತ್ತಿದ್ದ. ಅವನ ಪರವಾಗಿ ಬಾಯಿ ಮಾಡಲು ಉಳಿದವಳು ನಾನೊಬ್ಬಳೇ.

ಇನ್ಸ್‌ಪೆಕ್ಟರ್ ಗೊಣಗುತ್ತ ಬಗ್ಗಿದರು. ಹ್ಯಾಂಡಲಿನ ಬಲಗಡೆ, ಬ್ರೇಕ್ ಲಿವರಿನ ಮೇಲೆ ಒಂದು ಸಣ್ಣ ಡಬ್ಬಿ ಇರುತ್ತದೆ, ಬ್ರೇಕ್ ಆಯಿಲ್ ತುಂಬುವುದು ಅದಕ್ಕೆ. ಮುಚ್ಚಳಕ್ಕೆ ಎರಡು ಸ್ಕ್ರೂ. ಬಿಚ್ಚುವ ಮೊದಲು ನಾನು ಮೊಬೈಲಿನಲ್ಲಿ ಎಲ್ಲ ದಿಕ್ಕಿನಿಂದ ಫೋಟೋ ತೆಗೆದುಕೊಂಡೆ.

ಮುಚ್ಚಳ ಎದ್ದಿತು. ಅದರಡಿಯ ರಬ್ಬರು ಕೈಗೆ ಬಂತು.

“ಇದನ್ನ ವಾಪಸ್ ಕೂರಿಸಿ ನೋಡಿ ಸಾರ್.”

ಅವರು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು. ಆ ಕಡೆ ಒತ್ತಿದರೆ ಮಧ್ಯ ಉಬ್ಬಿತು. ಬಟ್ಟೆ ಒಗೆದ ಕೈಬೆರಳಿನ ಹಾಗೆ ರಬ್ಬರಿನ ಅಂಚೆಲ್ಲ ಸುಕ್ಕುಗಟ್ಟಿ ಊದಿಕೊಂಡಿತ್ತು. ಇನ್ಸ್‌ಪೆಕ್ಟರಿಗೆ ಹಠ ಬಂತು, ಟೋಪಿ ತೆಗೆದಿಟ್ಟು ಒತ್ತತೊಡಗಿದರು.

“ಕೂರಲ್ಲ ಸಾರ್. ಕುಡಿಯೋ ನೀರು ಒಂದು ಲೋಟ ತರಿಸಿ.”

ಪೇದೆ ನೀರು ತಂದ. ನಾನು ಅಂಗಡಿಯಿಂದ ತಂದಿದ್ದ ಹೊಸ ಬ್ರೇಕ್ ಆಯಿಲಿನ ಸೀಲು ಒಡೆದು ಒಂದು ಹನಿ ಬಿಟ್ಟೆ. ನೀರಿನಲ್ಲಿ ಕರಗಿ ಕಾಣದಾಯಿತು.

“ಆಯಿಲ್ ಅಂತ ಹೆಸರಷ್ಟೇ, ಇದು ಎಣ್ಣೆ ಅಲ್ಲ. ನೀರಲ್ಲಿ ಬೆರೆಯುತ್ತೆ. ಈಗ ಗಾಡಿ ಒಳಗಿರೋದನ್ನ ಒಂದು ಹನಿ ಬಿಡಿ.”

ಅವರು ಕಡ್ಡಿಯಲ್ಲಿ ಅದ್ದಿ ಲೋಟಕ್ಕೆ ಬಿಟ್ಟರು. ಹನಿ ಮೇಲೆ ತೇಲಿತು, ಸಾರಿನ ಮೇಲಿನ ಒಗ್ಗರಣೆಯ ಹಾಗೆ ಹರಡಿ ಹೊಳೆಯಿತು.

“ಇದು ನಿಜವಾದ ಎಣ್ಣೆ. ಬ್ರೇಕ್ ಒಳಗೆ ಎಣ್ಣೆ ಬಿದ್ರೆ ರಬ್ಬರೆಲ್ಲ ಊದಿಕೊಳ್ಳುತ್ತೆ. ಮೊದಮೊದಲು ಏನೂ ಗೊತ್ತಾಗಲ್ಲ. ಆಮೇಲೆ ಹಿಡಿದ ಬ್ರೇಕ್ ಪೂರ್ತಿ ಬಿಡಲ್ಲ. ಓಡ್ತಾ ಓಡ್ತಾ ಬಿಸಿಯಾಗಿ ಒಂದ್ಕಡೆ ಚಕ್ರ ಕಚ್ಕೊಳ್ಳುತ್ತೆ. ಇದು ಸ್ಕ್ರೂ ಸಡಿಲ ಬಿಟ್ಟ ತಪ್ಪಲ್ಲ ಸಾರ್. ಯಾರೋ ಬೇಕಂತ ಹಾಕಿದಾರೆ.”

ಇನ್ಸ್‌ಪೆಕ್ಟರ್ ಲೋಟ ಎತ್ತಿ ಬೆಳಕಿಗೆ ಹಿಡಿದರು. ಮುಖ ಅರಳಿತು.

“ಭೇಷ್. ಅಂದ್ರೆ ನಿಮ್ಮಣ್ಣ ಬ್ರೇಕ್ ಆಯಿಲ್ ಬದಲು ಎಣ್ಣೆ ಹಾಕಿದಾನೆ. ಇಷ್ಟು ದಿನ ನನ್ನ ಹತ್ರ ಬರೀ ಅಜಾಗರೂಕತೆ ಕೇಸಿತ್ತು. ಈಗ ಕೊಲೆ ಯತ್ನ. ನನ್ನ ಕೆಲಸ ನೀನೇ ಮಾಡ್ಕೊಟ್ಟೆ ಕಣಮ್ಮ.”

ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು.

“ಬಣ್ಣ ನೋಡಿ ಮಾತಾಡಿ!” ಎಂದು ಕಿರುಚಿದೆ.

ನಮ್ಮ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ಬ್ರೇಕಿಗೆ ಸಂಬಂಧಪಟ್ಟ ಸ್ಕ್ರೂ, ಬೋಲ್ಟು ಯಾವುದನ್ನು ಬಿಗಿದರೂ ಅದರ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಮುರಿದಿದ್ದರೆ ಯಾರೋ ತಿರುಗಿಸಿದ್ದಾರೆ ಎಂದರ್ಥ. ಅಣ್ಣನದು ಕೆಂಪು, ಅತ್ತಿಗೆಯ ನೇಲ್ ಪಾಲಿಶ್ ಬಾಟಲಿಯಿಂದಲೇ ಕದಿಯುತ್ತಾನೆ. ನನ್ನದು ನೀಲಿ. ಗೆರೆ ಎಳೆಯದೆ ಮೇಲೆದ್ದರೆ ಅಪ್ಪ ಸ್ಪ್ಯಾನರಿನಲ್ಲೇ ಮೊಣಕೈಗೆ ಕುಟ್ಟುತ್ತಿದ್ದರು. ಮನೆಯ ಊಟದ ಮೇಜಿನ ಕಾಲಿನ ಬೋಲ್ಟಿಗೂ ನಮ್ಮಲ್ಲಿ ಗೆರೆ ಇದೆ.

ಆ ಮುಚ್ಚಳದ ಸ್ಕ್ರೂಗಳ ಮೇಲೂ ಕೆಂಪು ಗೆರೆ ಇತ್ತು. ಅದನ್ನು ನೋಡಿಯೇ ಪೊಲೀಸರು ಅಣ್ಣನ ಕುತ್ತಿಗೆ ಹಿಡಿದದ್ದು. ಆದರೆ ಅವರು ನೋಡಿದ್ದು ಬಣ್ಣವನ್ನು ಮಾತ್ರ, ಬಣ್ಣದ ಅಡಿಗೆ ಏನಿದೆ ಎಂದಲ್ಲ.

ಫೋಟೋ ದೊಡ್ಡದು ಮಾಡಿ ಅವರ ಮೂಗಿನಡಿ ಹಿಡಿದೆ. “ಮುಚ್ಚಳದ ಮೇಲಿರೋ ಈ ಬಿಳಿ ಸ್ಟಿಕ್ಕರ್ ನೋಡಿ. ಟ್ರ್ಯಾಕಲ್ಲಿ ತಪಾಸಣೆ ಆದ ಮೇಲೆ ಅಲ್ಲಿಯವರು ಅಂಟಿಸೋದು. ಶನಿವಾರ ಬೆಳಗ್ಗೆ ಅಂಟಿಸಿದ್ದು. ಗಾಡಿ ನಮ್ಮ ಗ್ಯಾರೇಜ್ ಬಿಟ್ಟಿದ್ದು ಶುಕ್ರವಾರ. ಅಣ್ಣ ಎಳೆದ ಗೆರೆ ಸ್ಟಿಕ್ಕರಿನ ಕೆಳಗೆ ಇರ್ಬೇಕು ತಾನೇ? ಈ ಕೆಂಪು ಎಲ್ಲಿದೆ?”

ಸ್ಟಿಕ್ಕರಿನ ಅಂಚಿನ ಮೇಲೆ ಕೆಂಪು ದಪ್ಪವಾಗಿ ಹತ್ತಿ ನಿಂತಿತ್ತು.

“ತಪಾಸಣೆ ಆದ್ಮೇಲೆ ಯಾರೋ ಮುಚ್ಚಳ ಬಿಚ್ಚಿದಾರೆ. ಎಣ್ಣೆ ಹಾಕಿ, ಮುಚ್ಚಿ, ಅಣ್ಣನ ಥರ ಗೆರೆ ಎಳೆದಿದಾರೆ. ಶನಿವಾರ, ಭಾನುವಾರ ಎರಡೂ ದಿನ ಅಣ್ಣ ಗ್ಯಾರೇಜಲ್ಲಿ ನನ್ನ ಪಕ್ಕದಲ್ಲೇ ಇದ್ದ. ನನ್ನೊಬ್ಬಳ ಮಾತು ಬೇಡ, ಬಂದ ಗಿರಾಕಿಗಳನ್ನ ಕೇಳಿ.”

ಇನ್ಸ್‌ಪೆಕ್ಟರ್ ಮುಚ್ಚಳವನ್ನೇ ಕೈಗೆತ್ತಿಕೊಂಡು ಉಗುರಿನಿಂದ ಕೆಂಪನ್ನು ಕೆರೆದು ನೋಡಿದರು.  ಕೆಟ್ಟ ಮನುಷ್ಯರಲ್ಲ, ಆದರೆ ತಪ್ಪಾಯಿತು ಎನ್ನುವ ಮಾತು ಅವರ ಗಂಟಲಲ್ಲಿ ಮುಳ್ಳಾಗಿತ್ತು.

“ಸಂಜೆಯೊಳಗೆ ಬಿಡ್ತೀನಿ,” ಎಂದರು ಕೊನೆಗೆ. “ಆದ್ರೆ ಮುಚ್ಚಳ ಬಿಚ್ಚಿದ ಕೈ ಯಾವುದು ಅಂತ ನನಗೆ ಬೇಕು. ಇಲ್ಲಾಂದ್ರೆ ನಾಳೆ ಮತ್ತೆ ಅವನನ್ನೇ ಎಳ್ಕೊಂಡ್ ಬರ್ತೀನಿ. ಮೇಲಿನವರು ನನ್ನ ಜೀವ ತಿಂತಿದಾರೆ.”

ಕೈ ಯಾವುದೆಂದು ನನಗೆ ಅಷ್ಟರಲ್ಲೇ ಗೊತ್ತಾಗಿತ್ತು. ಗೊತ್ತಾಗಿತ್ತು ಎಂದುಕೊಂಡಿದ್ದೆ.

*

ಪಾದರಸನ ಟೀಮಿನ ಶೆಡ್ಡು ಟ್ರ್ಯಾಕಿನ ಹಿಂಬದಿಯಲ್ಲಿದೆ. ನಾನು ಹೋದಾಗ ಎಲ್ಲರೂ ‘ಗೂಳಿ’ ಎನ್ನುವ ಹುಡುಗ ತನ್ನ ಗಾಡಿಯ ಚೈನಿಗೆ ಬ್ರಷ್ಷು ಹಾಕಿ ಉಜ್ಜುತ್ತಿದ್ದ. ಪಾದರಸನ ಜೊತೆಗಾರ, ಅದೇ ಟೀಮಿನ ಎರಡನೇ ಸವಾರ. ಪಾದರಸ ಇದ್ದಷ್ಟು ದಿನವೂ ಇವನು ಎರಡನೆಯವನೇ. ಕುತ್ತಿಗೆ ದಪ್ಪ, ಮಾತು ಒರಟು. ಈಗ ಶೆಡ್ಡಿನ ಗೋಡೆಯ ಮೇಲೆ ಅವನ ಫೋಟೋ ಒಂದೇ ಇತ್ತು. ಪಕ್ಕದ ಫೋಟೋ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗಿತ್ತು.

ಅದನ್ನು ನೋಡಿದ ಮೇಲೆ ನಮಸ್ಕಾರ ಹೇಳುವ ವ್ಯವಧಾನ ನನಗಿರಲಿಲ್ಲ.

“ಇಷ್ಟು ಬೇಗ ಕಿತ್ತು ಹಾಕ್ಬಿಟ್ಯಾ? ಅವನಿನ್ನೂ ಉಸಿರಾಡ್ತಿದಾನೆ ಕಣೋ!”

“ಬನ್ನಿ ಅಕ್ಕಾ,” ಎಂದ, ಬ್ರಷ್ಷು ನಿಲ್ಲಿಸದೆ. “ಕೂತ್ಕೊಂಡು ಬೈಯ್ರಿ. ನಿಂತ್ರೆ ಕಾಲು ನೋಯುತ್ತೆ.”

“ನಿನ್ನ ಕ್ಲಚ್ಚಿಗೆ ಏನು ಹಾಕ್ತೀಯ?”

“ಮಿನರಲ್ ಎಣ್ಣೆ. ನಿಮಗೆ ಗೊತ್ತಿಲ್ದೇ ಇರೋದಾ?”

“ಟೀಮಲ್ಲಿ ಬೇರೆ ಯಾರ ಗಾಡಿಗೆ ಅದು ಬೇಕು?”

“ಯಾರಿಗೂ ಬೇಡ. ನನ್ನ ಒಬ್ಬನದೇ ಆ ಜಾತಿ ಗಾಡಿ.”

“ಪಾದರಸನ ಬ್ರೇಕ್ ಒಳಗೆ ಎಣ್ಣೆ ಸಿಕ್ಕಿದೆ.”

ಬ್ರಷ್ಷು ನಿಂತಿತು. ಗೂಳಿ ತಲೆಯೆತ್ತಿದ. ಆ ಮುಖದಲ್ಲಿ ಭಯ ಕಾಣುತ್ತದೆ ಎಂದು ಕಾದಿದ್ದೆ. ಕಂಡದ್ದು ಸಿಟ್ಟು, ನನ್ನದಕ್ಕಿಂತ ದೊಡ್ಡ ಸಿಟ್ಟು. ಎದ್ದವನೇ ಮೂಲೆಯ ಸಾಮಾನಿನ ಪೆಟ್ಟಿಗೆಯನ್ನು ಒದ್ದು ಮುಚ್ಚಳ ತೆಗೆದ. ಸ್ಪ್ಯಾನರುಗಳು ಚೆಲ್ಲಾಪಿಲ್ಲಿಯಾದವು. ಒಂದು ಡಬ್ಬಿ ಎತ್ತಿ ನನ್ನ ಕೈಗೆ ತುರುಕಿದ.

“ನೋಡ್ರಿ. ಕಣ್ಣು ಬಿಟ್ಟು ನೋಡ್ರಿ. ಸೀಲ್ ಒಡೆದಿದೆಯಾ?”

ಒಡೆದಿರಲಿಲ್ಲ.

“ಹಳೇದು?”

“ಹಳೇದು ಎರಡು ತಿಂಗಳ ಹಿಂದೇನೇ ಖಾಲಿ. ಕ್ಲಚ್ ಮಾಡ್ಕೊಟ್ಟಿದ್ದು ನೀವೇ, ಡಬ್ಬಿ ಕವುಚಿ ಹಾಕಿ ಕೊನೇ ಹನಿವರೆಗೂ ಬಸ್ಕೊಂಡ್ರಿ. ಮರ್ತೋಯ್ತಾ?”

ಮರೆತಿತ್ತು. ಕೋಪ ಬಂದಾಗ ನನಗೆ ಕಾಣುವುದು ಒಂದೇ ದಾರಿ, ಅದರಲ್ಲೇ ನುಗ್ಗುತ್ತೇನೆ.

“ಎಣ್ಣೆ ಅಂದ ತಕ್ಷಣ ನನ್ನ ಹತ್ರ ಓಡ್ ಬಂದ್ರಲ್ಲ,” ಗೂಳಿ ಬಿಡಲಿಲ್ಲ. “ಮುಂದಿನ ಫೋರ್ಕಿಗೆ, ಆ ಶಾಕ್ ಅಬ್ಸಾರ್ಬರಿಗೆ, ಹಾಕೋದು ಏನು? ಅದು ಎಣ್ಣೆ ಅಲ್ವಾ? ನಿಮ್ಮ ಗ್ಯಾರೇಜಲ್ಲಿ ಅದು ಕ್ಯಾನುಗಟ್ಲೆ ಇದೆ. ನನ್ನ ಮೋರೆ ಒರಟು, ಅದಕ್ಕೆ ಕಳ್ಳ ನಾನೇ, ಅಲ್ವಾ? ಅವನ ಫೋಟೋ ತೆಗೆದಿದ್ದು ಯಾಕೆ ಗೊತ್ತಾ? ಆಸ್ಪತ್ರೆಲಿ ಅವರಮ್ಮ ಕೇಳಿದ್ರು. ತಲೆ ಹತ್ರ ಇಡೋಕೆ. ನಾನೇ ಕೊಟ್ಟು ಬಂದೆ.”

ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ಸೋಲು ಒಪ್ಪಿಕೊಳ್ಳಲು ನಾಲಗೆ ಏಳಲಿಲ್ಲ.

“ಹಾಗಾದ್ರೆ ಶನಿವಾರ ಅವನ ಗಾಡಿ ಹತ್ರ ಯಾರು ಬಂದಿದ್ರು? ನೀನು ಇಲ್ಲೇ ಇದ್ಯಲ್ಲ.”

ಗೂಳಿ ಬಟ್ಟೆಯ ತುಂಡು ಎತ್ತಿಕೊಂಡು ಕೈ ಒರೆಸತೊಡಗಿದ. ಒರೆಸಿದ ಬೆರಳನ್ನೇ ಮತ್ತೆ ಒರೆಸಿದ.

“ಹೇಳೋ.”

“ನನ್ನ ಬಾಯಲ್ಲಿ ಹೇಳಿಸ್ಬೇಡಿ ಅಕ್ಕಾ.”

“ನಮ್ಮಣ್ಣ ಲಾಕಪ್ಪಲ್ಲಿ ಕೊಳೀತಿದಾನೆ!”

“ಪಾದರಸ ಅಭ್ಯಾಸದ ಓಟ ಮುಗಿಸಿ ಬಂದ,” ಎಂದ ನಿಧಾನವಾಗಿ. “ಬ್ರೇಕ್ ಲಿವರ್ ಮೆತ್ತಗಿದೆ, ಒತ್ತಿದ್ರೆ ಒಳಗೆ ಹೋಗುತ್ತೆ ಅಂದ. ನಿಮ್ಮಣ್ಣನ್ನ ಕರೆಸ್ತೀನಿ ಅಂದೆ. ಬೇಡ ಅಂದ. ಇಬ್ರಿಗೂ ಮಾತಿರ್ಲಿಲ್ವಲ್ಲ. ಮುಂದಿನ ಸೀಸನ್‌ಗೆ ಬೇರೆ ಗ್ಯಾರೇಜಿಗೆ ಹೋಗ್ತಿದ್ದ ಅವನು.”

ಅದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

“ಆಮೇಲೆ?”

“ಆಮೇಲೆ ಅವನು ಸ್ನಾನಕ್ಕೆ ಹೋದ. ನಾನು ಟೈರ್ ತರೋಕೆ ಹೋದೆ. ವಾಪಸ್ ಬಂದಾಗ ಒಬ್ರು ಗಾಡಿ ಮುಂದೆ ಕೂತ್ಕೊಂಡು ಮುಚ್ಚಳಕ್ಕೆ ನೇಲ್ ಪಾಲಿಶ್ ಹಚ್ತಾ ಇದ್ರು. ನಿಮ್ಮ ಮನೆಯವರೇ. ಅವನಿಗೆ ಊಟ ತಂದಿದ್ರಲ್ಲ, ಅವರು.”

“ಯಾರು?”

“ನಿಮ್ಮತ್ತಿಗೆ.”

*

ಮನೆಗೆ ಬಂದಾಗ ಅತ್ತಿಗೆ ಅಡುಗೆಮನೆಯಲ್ಲಿದ್ದಳು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಆಸ್ಪತ್ರೆಗೆ ಫ್ಲಾಸ್ಕು ತುಂಬುತ್ತಿದ್ದಳು. ಕಣ್ಣು ಬಾತಿದ್ದವು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳ ಮುಖ ನೋಡಿದ ಮೇಲೆ ಆ ಜೋಡಣೆ ಎಲ್ಲ ಕಳಚಿ ಬಿತ್ತು, ಸಿಟ್ಟೊಂದು ಉಳಿಯಿತು.

“ಶನಿವಾರ ಗಾಡಿ ಮುಚ್ಚಳ ಬಿಚ್ಚಿದ್ದು ನೀವಾ?”

“ಹೂಂ.” ಎಷ್ಟು ಸಲೀಸಾಗಿ ಹೇಳಿದಳು! “ಲಿವರ್ ಮೆತ್ತಗಿದೆ ಅಂದ. ಸ್ವಲ್ಪ ಆಯಿಲ್ ಹಾಕಿ ಮುಚ್ದೆ. ಗೆರೆನೂ ಎಳೆದೆ. ಏನೀಗ?”

“ಏನೀಗಾ? ಗಂಡ ಜೈಲಲ್ಲಿ ಕೂತಿದಾನೆ, ಇಷ್ಟು ದಿನ ಈ ಮಾತು ಬಾಯಿಂದ ಬರ್ಲಿಲ್ಲ ನಿಮಗೆ?”

“ಯಾರು ಕೇಳಿದ್ರು ನನ್ನ?” ಫ್ಲಾಸ್ಕನ್ನು ಕಟ್ಟೆಗೆ ಕುಕ್ಕಿದಳು. “ಕೆಲಸ ಸರಿಯಾಗಿ ಮಾಡಿದ್ರೆ ಲಿವರ್ ಯಾಕೆ ಮೆತ್ತಗಾಗ್ತಿತ್ತು? ಸ್ವಂತ ಬಾಮೈದನ ಗಾಡಿ ಅನ್ನೋ ಎಚ್ಚರ ಇರ್ಲಿಲ್ಲ ಅವರಿಗೆ. ನನ್ನ ತಮ್ಮ ಅಲ್ಲಿ ಹೆಣದ ಥರ ಮಲಗಿದಾನೆ. ನೀನು ನಿಮ್ಮಣ್ಣ, ನಿಮ್ಮಣ್ಣ ಅಂತ ಬಡ್ಕೊಳ್ತಿದೀಯ!”

“ನೀವು ಹಾಕಿದ್ದು ಬ್ರೇಕ್ ಆಯಿಲ್ ಅಲ್ಲ ಅತ್ತಿಗೆ. ಎಣ್ಣೆ. ಅದರಿಂದಲೇ ಚಕ್ರ ಕಚ್ಕೊಂಡಿದ್ದು.”

ಹೇಳಬಾರದಿತ್ತು, ಹೀಗಂತೂ ಹೇಳಬಾರದಿತ್ತು. ಅವಳು ಕಟ್ಟೆ ಹಿಡಿದುಕೊಂಡಳು.  ತನ್ನ ಕೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

“ಬೇಕಂತ ಮಾಡಿಲ್ಲ ಅಂತ ಗೊತ್ತು,” ಎಂದೆ, ದನಿ ಇಳಿಸಿ. “ತಪ್ಪು ಬಾಟಲಿ ತಗೊಂಡಿದೀರ. ಎಲ್ಲಿಂದ ತಗೊಂಡ್ರಿ? ಗೂಳಿ ಪೆಟ್ಟಿಗೆಯಿಂದಲಾ? ಯಾರಾದ್ರೂ ಕೊಟ್ರಾ?”

ಅತ್ತಿಗೆ ಬಾಗಿಲ ಹಿಂದೆ ನೇತುಹಾಕಿದ್ದ ಊಟದ ಚೀಲ ತೆಗೆದು ಅದರೊಳಗೆ ಕೈಯಾಡಿಸಿದಳು. ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಅರ್ಧ ಖಾಲಿಯಾಗಿತ್ತು. ಮೈಮೇಲೆ ಕಪ್ಪು ಮಾರ್ಕರಿನಲ್ಲಿ ‘ಬ್ರೇಕ್’ ಎಂದು ಬರೆದಿತ್ತು.

ಮುಚ್ಚಳ ತಿರುಗಿಸಿ ಒಂದು ಹನಿ ಬೆರಳಿಗೆ ಹಾಕಿಕೊಂಡು ನಲ್ಲಿಯಡಿ ಹಿಡಿದೆ. ನೀರು ಜಾರಿ ಹೋಯಿತು, ಜಿಡ್ಡು ಹೋಗಲಿಲ್ಲ. ಮೂಸಿದೆ. ವರ್ಷಗಳಿಂದ ನನ್ನ ಬಟ್ಟೆ, ಕೂದಲು, ಉಗುರಿನ ಸಂದಿಯಲ್ಲೆಲ್ಲ ಇರುವ ವಾಸನೆ. ನಮ್ಮ ಗ್ಯಾರೇಜಿನ ಫೋರ್ಕ್ ಎಣ್ಣೆ.

ಅಕ್ಷರ ಯಾರದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

“ಶನಿವಾರ ಬೆಳಗ್ಗೆ ನಾನು ಊಟ ಕಟ್ಕೊಂಡು ಹೊರಟಿದ್ದೆ,” ಅತ್ತಿಗೆ ಪಿಸುಗುಟ್ಟಿದಳು. “ನಿಮ್ಮಣ್ಣನೇ ಚೀಲಕ್ಕೆ ಹಾಕಿದ್ರು. ‘ಅವನಿಗೆ ನನ್ನ ಮೇಲೆ ಕೋಪ, ನಾನು ಬಂದ್ರೆ ಮುಟ್ಟೋಕೆ ಬಿಡಲ್ಲ. ಲಿವರ್ ಮೆತ್ತಗಿದೆ ಅಂದ್ರೆ ನೀನೇ ಸ್ವಲ್ಪ ಹಾಕ್ಬಿಡು’ ಅಂದ್ರು.”

“ಸುಳ್ಳು!”

ಅವಳು ನನ್ನನ್ನೇ ದಿಟ್ಟಿಸಿದಳು. ಆ ಕಣ್ಣಿನಲ್ಲಿ ಸುಳ್ಳಿರಲಿಲ್ಲ. ನನಗೆ ಅವಳ ಮೇಲೆ, ಆ ಬಾಟಲಿಯ ಮೇಲೆ, ಇಡೀ ದಿನ ಅವನಿಗಾಗಿ ಕಂಠ ಹರಿದುಕೊಂಡ ನನ್ನ ಮೇಲೆ ತಡೆಯಲಾರದ ಸಿಟ್ಟು ಬಂತು. ಪೈಪಿನೊಳಗೆ ಗಾಳಿ ಉಳಿದರಷ್ಟೇ ಲಿವರ್ ಮೆತ್ತಗಾಗುವುದು. ಅಣ್ಣ ಬ್ರೇಕಿನಲ್ಲಿ ಗಾಳಿ ಉಳಿಸಿದ್ದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಹುಡುಗ ಇನ್ನೂ ಗಾಡಿ ಹತ್ತಿಯೇ ಇರಲಿಲ್ಲ, ಲಿವರ್ ಮೆತ್ತಗಾಗುತ್ತದೆ ಎಂದು ಅಣ್ಣನಿಗೆ ಆಗಲೇ ಗೊತ್ತಿತ್ತು.

ಫೋನು ಬಡಿದುಕೊಂಡಿತು. ಅಣ್ಣ.

“ಪುಟ್ಟೀ, ಬಿಟ್ರು ಕಣೇ.” ದನಿ ಹಗುರಾಗಿತ್ತು, ಎಷ್ಟೋ ದಿನದಿಂದ ಕೇಳದಷ್ಟು ಹಗುರ. “ಇನ್ಸ್‌ಪೆಕ್ಟರ್ ಎಲ್ಲಾ ಹೇಳಿದ್ರು. ನೀನಿಲ್ದಿದ್ರೆ ನಾನು ಅಲ್ಲೇ ಕೊಳೀತಿದ್ದೆ.”

 “ಎಲ್ಲಿದೀಯ?”

“ಆಸ್ಪತ್ರೆ ಮೆಟ್ಟಿಲ ಹತ್ರ. ಈಗ ನರ್ಸ್ ಸಿಕ್ಕಿದ್ಲು. ಹುಡುಗ ಕಣ್ಣು ಬಿಟ್ನಂತೆ, ಏನೋ ಮಾತಾಡೋಕೆ ನೋಡ್ತಿದಾನಂತೆ. ನಿಮ್ಮತ್ತಿಗೆಗೆ ಹೇಳು, ಅವಳು ಓಡಿ ಬರೋದು ಬೇಡ. ನಾಲ್ಕು ದಿನದಿಂದ ನಿದ್ದೆ ಇಲ್ಲ ಅವಳಿಗೆ, ಮಲಗ್ಲಿ. ಅವನ ಪಕ್ಕ ನಾನೇ ಕೂತ್ಕೋತೀನಿ.”

“ಅಣ್ಣಾ, ಇರು. ಒಳಗೆ ಹೋಗ್ಬೇಡ, ನಾನು...”

ಫೋನಿಟ್ಟಿದ್ದ.

“ಅತ್ತಿಗೆ, ಅಲ್ಲಿ ಈಗ ಯಾರಿದಾರೆ? ನಿಮ್ಮಮ್ಮ ಇದಾರಲ್ವಾ?”

ಅವಳು ತಲೆಯ ಟವೆಲ್ಲನ್ನು ಕಿತ್ತೆಸೆದು ಆಗಲೇ ಬಾಗಿಲ ಕಡೆ ಓಡುತ್ತಿದ್ದಳು.

“ಇಲ್ಲ ಕಣೇ. ಅಮ್ಮನ್ನ ಅವರ ಮನೆಗೆ ಬಿಟ್ಟು ನಾನು ಸ್ನಾನಕ್ಕೆ ಬಂದೆ. ಅಲ್ಲಿ ಯಾರೂ ಇಲ್ಲ.”